ಟೆಂಟಿನೊಳಗೆ ಬೆಂಕಿ ಬೇಡ ಕಣೋ

ವಿಜಯನಗರ, ಬೆಂಗಳೂರು

ಪುಟ್ಟಾ,

ಡಿಸೆಂಬರಿನಲ್ಲಿ ಗೆಳೆಯರ ಜೊತೆ ಕೇದಾರಕಂಠ ಬೆಟ್ಟ ಹತ್ತಲು ಹೊರಟಿದ್ದೀಯ ಅಂತ ನಿನ್ನಮ್ಮ ಹೇಳಿದಳು. ತುಂಬಾ ಸಂತೋಷವಾಯಿತು. ಆದರೆ ಟೆಂಟಿಗೆ ಗ್ಯಾಸ್ ಹೀಟರ್ ಹುಡುಕುತ್ತಿದ್ದೀಯ ಎಂದು ಕೇಳಿ ಎದೆ ಝಲ್ಲೆಂದಿತು. ಅದಕ್ಕೇ ಈ ಕಾಗದ.

2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಹೋಗಿದ್ದ ಕೇರಳದ ಎಂಟು ಮಂದಿ ರೆಸಾರ್ಟಿನ ಒಂದೇ ಕೋಣೆಯಲ್ಲಿ ಮಲಗಿದ್ದರು. ಚಳಿಯೆಂದು ಗ್ಯಾಸ್ ಹೀಟರ್ ಹಚ್ಚಿ ಕಿಟಕಿ ಬಾಗಿಲು ಭದ್ರಪಡಿಸಿಕೊಂಡಿದ್ದರು. ಎಂಟೂ ಜನ ತೀರಿಹೋದರು. ಅವರಲ್ಲಿ ನಾಲ್ವರು ಮಕ್ಕಳು.

ಗಾಳಿ ಸಾಲದೆ ಉರಿಯುವ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯಲೆಂದೇ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಆದರೆ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಎತ್ತರದ ಜಾಗದಲ್ಲಿ ಬರುವ ಕಾಯಿಲೆಗೂ ಇವೇ ಲಕ್ಷಣ. 12,500 ಅಡಿಯ ಬೆಟ್ಟದಲ್ಲಿ ಗೆಳೆಯನಿಗೆ ತಲೆ ಸಿಡಿದರೆ ಎತ್ತರದಿಂದ ಅಂದುಕೊಂಡು ಟೆಂಟಿನ ಜಿಪ್ ಇನ್ನಷ್ಟು ಎಳೆದುಬಿಡುತ್ತೀರಿ. ನನಗೆ ಭಯ ಅದೇ.

ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಹೀಟರ್ ಬಂದಿದೆ ಅನ್ನಬಹುದು ನೀನು. 7,000 ಅಡಿ ದಾಟಿದರೆ ಆರಿಹೋಗಬಹುದು ಎಂದು ಅಂಥ ಕೆಲವನ್ನು ಮಾಡುವವರೇ ಎಚ್ಚರಿಸುತ್ತಾರೆ. ಸುರಕ್ಷಿತ ಹೀಟರ್ ಇಲ್ಲವೇ ಇಲ್ಲ ಅಂತಲ್ಲ. ಸಣ್ಣ ದೋಣಿಗಳಲ್ಲಿ ಕೂರಿಸುವ ಒಳ್ಳೆಯ ಡೀಸೆಲ್ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನೂ ಕೊಳವೆಯಲ್ಲಿ ಹೊರಗೇ ಬಿಡುತ್ತದೆ. ಮಲಗಿದವರ ಉಸಿರಿಗೂ ಅದರ ಬೆಂಕಿಗೂ ಸಂಬಂಧವಿಲ್ಲ. ಆದರೆ ಬೆನ್ನ ಮೇಲೆ ಹೊರುವ ಪುಟ್ಟ ಟೆಂಟಿಗೆ ಆ ಏರ್ಪಾಟು ಆಗದ ಮಾತು. ಇನ್ನು ಹೀಟರಿನ ಗ್ಯಾಸ್ ಕ್ಯಾನಿಸ್ಟರನ್ನು ವಿಮಾನಕ್ಕಂತೂ ಹತ್ತಿಸುವುದೇ ಇಲ್ಲ.

ಟೆಂಟನ್ನಲ್ಲ, ಮೈಯನ್ನು ಬೆಚ್ಚಗಿಟ್ಟುಕೊ. ನೆಲದ ಥಂಡಿ ಏರದಂತೆ ಕೆಳಗೆ ದಪ್ಪ ಮ್ಯಾಟ್ ಹಾಸು. ಮೇಲೆ ಎಷ್ಟು ಹೊದ್ದರೂ ಕೆಳಗಿನ ಚಳಿ ಬಿಡದು. ಮಲಗುವಾಗ ಒಣ ಕಾಲುಚೀಲ, ಉಣ್ಣೆ ಟೋಪಿ. ಅಡುಗೆ ಟೆಂಟಿನಿಂದ ಬಿಸಿನೀರು ತುಂಬಿಸಿಕೊಂಡ ಬಾಟಲಿ ಸ್ಲೀಪಿಂಗ್ ಬ್ಯಾಗಿನೊಳಗೆ. ಗಾಳಿಕಿಂಡಿ ಮುಚ್ಚಬೇಡ. ಯಾರಿಗಾದರೂ ತಲೆ ಭಾರವಾದರೆ ಮೊದಲು ಬಯಲಿಗೆ ಕರೆತಂದು, ತಕ್ಷಣ ಗೈಡನ್ನು ಎಬ್ಬಿಸು.

ಇನ್ನೊಂದು, ಮರೆಯಬೇಡ. ಬಸವೇಶ್ವರನಗರದ ನಿನ್ನ ರೂಮಿನ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಲ್ಲ, ಅಪಾಯ ಅಲ್ಲೂ ಇದೇ. ಅದನ್ನು ಹೊರಗೋಡೆಗೆ ಹಾಕಿಸಿ ಅಂತ ಮನೆ ಮಾಲೀಕರಿಗೆ ಈ ವಾರವೇ ಹೇಳು. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದೇ ಸ್ನಾನ ಮಾಡು.

ಇಂತಿ ನಿನ್ನ ಮಾವ