ರೇಡಿಯೇಟರಿಗೆ ಗಾಳಿಯ ಏರ್ಪಾಡು

ಗಣಕಯಂತ್ರದ ಮಿದುಳನ್ನು ನೀರು ತಂಪಾಗಿಡುತ್ತದೆಂದು ಜನರು ಹೇಳುವುದುಂಟು. ಈ ಮಾತು ಅರ್ಧ ಮಾತ್ರ ಸತ್ಯ. ನೀರು ಬರಿಯ ಹಮಾಲ. ಚಿಪ್ಪಿನ ಶಾಖವನ್ನು ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸುವುದಷ್ಟೇ ಅದರ ಕೆಲಸ. ಅಲ್ಲಿಂದ ಅದನ್ನು ಹೊರಗೆ ಚೆಲ್ಲಬೇಕಾದುದು ಗಾಳಿ. ಗಾಳಿಯ ಏರ್ಪಾಡು ಕೆಟ್ಟರೆ ನೀರು ಎಷ್ಟು ಸುತ್ತಿದರೂ ಫಲವಿಲ್ಲ.

ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಸಾಯಂಕಾಲದ ಹೊತ್ತು ನಾನು ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ವೀಡಿಯೋಗಳನ್ನು ಜೋಡಿಸುವ ಕೆಲಸ ಮಾಡುತ್ತೇನೆ. ನನ್ನ ಕಾಲೇಜಿನ ಫೀಜು ಹುಟ್ಟುವುದು ಅಲ್ಲಿಯೇ. ಲಗ್ನಗಳ ಕಾಲವೂ ನಮ್ಮ ಕಲಬುರ್ಗಿ ಸೀಮೆಯ ಬಿಸಿಲು 40 ಡಿಗ್ರಿ ದಾಟುವ ಕಾಲವೂ ಒಂದೇ. ಕಳೆದ ಬೇಸಗೆಯಲ್ಲಿ ಅಲ್ಲಿನ ಯಂತ್ರವು ಬಿಸಿಯೇರಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳತೊಡಗಿತು. ಇನ್ನೆರಡು ಫ್ಯಾನು ಕೊಳ್ಳೋಣವೆಂದರು ಮಾಲೀಕರು. ಒಂದು ಒಳ್ಳೆಯ ಫ್ಯಾನಿನ ಬೆಲೆ ನಮ್ಮಪ್ಪನ ಎರಡು ದಿನದ ಕೂಲಿಗೆ ಕಡಿಮೆಯಲ್ಲ. ಹಣ ಅವರದೇ ಆದರೂ, ಲಾಭವೆಷ್ಟೆಂದು ಲೆಕ್ಕ ನೋಡದೆ ನನಗೆ ಸಮಾಧಾನವಾಗಲಿಲ್ಲ.

ಮೊದಲು ಶಾಖದ ಪ್ರಮಾಣವನ್ನು ನೋಡೋಣ. 2023ರಲ್ಲಿ ಬಂದ ಇಂಟೆಲ್ ಕೋರ್ ಐ9-14900ಕೆ ಎಂಬ ಚಿಪ್ಪು ಭರದಿಂದ ದುಡಿಯುವಾಗ 253 ವ್ಯಾಟಿನವರೆಗೆ ವಿದ್ಯುತ್ತನ್ನು ನುಂಗಬಲ್ಲುದೆಂದು ತಯಾರಕರೇ ಹೇಳಿದ್ದಾರೆ. 60 ವ್ಯಾಟಿನ ನಾಲ್ಕು ಹಳೆಯ ಬಲ್ಬುಗಳ ಶಾಖವು ಬೆಂಕಿಪೊಟ್ಟಣದಷ್ಟಗಲದ ಜಾಗದಿಂದ ಹೊರಡುತ್ತದೆಂದು ಭಾವಿಸಿರಿ. ನಮ್ಮ ಸ್ಟುಡಿಯೋದ ಚಿಪ್ಪು ಅಷ್ಟು ದೊಡ್ಡದಲ್ಲ. 200 ವ್ಯಾಟೆಂದು ಹಿಡಿಯೋಣ. ನಿಮಿಷಕ್ಕೆ ಒಂದು ಲೀಟರು ನೀರು ಸುತ್ತುತ್ತಿದ್ದರೆ ಆ ಶಾಖಕ್ಕೆ ನೀರು ಬಿಸಿಯೇರುವುದು ಸುಮಾರು 3 ಡಿಗ್ರಿ ಮಾತ್ರ. ರೇಡಿಯೇಟರಿನ ಮೂಲಕ ನಿಮಿಷಕ್ಕೆ 1.4 ಘನಮೀಟರು ಗಾಳಿ ಹಾದುಹೋದರೆ ಅದೇ ಶಾಖಕ್ಕೆ ಆ ಗಾಳಿ ಏಳೆಂಟು ಡಿಗ್ರಿ ಬಿಸಿಯೇರುತ್ತದೆ. ಇಕ್ಕಟ್ಟಿರುವುದು ನೀರಿನ ಕಡೆಗಿಂತ ಗಾಳಿಯ ಕಡೆಗೇ ಹೆಚ್ಚು.

ಫ್ಯಾನನ್ನು ರೇಡಿಯೇಟರಿನ ಯಾವ ಮಗ್ಗುಲಿಗೆ ಕಟ್ಟಬೇಕು? ಊದುಗೊಳವೆಯಿಂದ ಒಲೆಯನ್ನು ಊದಿದಂತೆ ಗಾಳಿಯನ್ನು ಒಳಕ್ಕೆ ನೂಕುವುದೊಂದು ಪದ್ಧತಿ. ಹುಕ್ಕಾ ಸೇದಿದಂತೆ ಆಚೆಯಿಂದ ಎಳೆಯುವುದು ಇನ್ನೊಂದು. ಇವೆರಡರಲ್ಲಿ ಯಾವುದು ಮೇಲೆಂಬ ಜಗಳಕ್ಕೆ ಕೊನೆಯಿಲ್ಲ. ವ್ಯತ್ಯಾಸವೋ ಸಾಮಾನ್ಯವಾಗಿ ಒಂದೆರಡು ಡಿಗ್ರಿಯೊಳಗಿನದು. ನನ್ನ ದೃಷ್ಟಿಯಲ್ಲಿ ನಿಜವಾದ ವ್ಯತ್ಯಾಸವಿರುವುದು ಧೂಳಿನಲ್ಲಿ. ಊದುವ ಪದ್ಧತಿಯಲ್ಲಿ ಧೂಳು ಫ್ಯಾನಿಗೂ ರೇಡಿಯೇಟರಿಗೂ ನಡುವೆ ಕಂಬಳಿಯಂತೆ ಕೂತುಕೊಳ್ಳುತ್ತದೆ. ಫ್ಯಾನನ್ನು ಬಿಚ್ಚಿದ ಹೊರತು ಕಣ್ಣಿಗೆ ಬೀಳದು. ಸೇದುವ ಪದ್ಧತಿಯಲ್ಲಿ ಅದು ರೇಡಿಯೇಟರಿನ ತೆರೆದ ಮುಖದ ಮೇಲೆಯೇ ನಿಲ್ಲುವುದರಿಂದ ಒಂದು ಕುಂಚ ಸಾಕು. ಮುಂಗಾರು ಬೀಳುವವರೆಗೆ ನಮ್ಮ ಊರಿನಲ್ಲಿ ಗಾಳಿಯೆಂದರೆ ಅರ್ಧ ಮಣ್ಣೇ.

ಇನ್ನು ಎರಡು ಮಗ್ಗುಲಿಗೂ ಫ್ಯಾನು ಕಟ್ಟುವ ವಿಚಾರ. ಮಾಲೀಕರಿಗಿದ್ದ ಆಸೆ ಇದೇ. ಫ್ಯಾನು ಇಮ್ಮಡಿಯಾದರೆ ಗಾಳಿಯೂ ಇಮ್ಮಡಿಯಾಗುವುದೆಂದು ಯಾರಿಗಾದರೂ ತೋರುವುದು ಸಹಜ. ಹಾಗಾಗುವುದಿಲ್ಲ. ಅಕ್ಕಪಕ್ಕದಲ್ಲಿ ನಿಂತ ಫ್ಯಾನುಗಳ ಗಾಳಿ ಕೂಡುತ್ತದೆ. ಒಂದರ ಹಿಂದೊಂದು ನಿಂತವುಗಳಲ್ಲಿ ಕೂಡುವುದು ಒತ್ತಡ. ಹಿಂದಿನ ಫ್ಯಾನು ಕೊಟ್ಟ ಗಾಳಿಯನ್ನೇ ಮುಂದಿನದು ದಾಟಿಸಬೇಕಲ್ಲವೆ? ದಪ್ಪವಾದ, ರೆಕ್ಕೆಗಳು ಒತ್ತಾಗಿರುವ ರೇಡಿಯೇಟರಿನಲ್ಲಿ ತಡೆ ಹೆಚ್ಚಾದುದರಿಂದ ಈ ಒತ್ತಡಕ್ಕೆ ಬೆಲೆಯುಂಟು. ಫ್ಯಾನು ನಿಧಾನವಾಗಿ ತಿರುಗುವಾಗ ಪ್ರಯೋಜನ ಇನ್ನೂ ಚೆನ್ನಾಗಿ ಕಾಣುತ್ತದೆ. ನಮ್ಮದು ಮೂರು ಸೆಂಟಿಮೀಟರೂ ದಪ್ಪವಿಲ್ಲದ, 240 ಮಿಲಿಮೀಟರಿನ ಸಾಧಾರಣ ರೇಡಿಯೇಟರು. ವೇಗವನ್ನು ಏರಿಸಬಹುದಲ್ಲಾ ಎಂದರೆ, ವೇಗ ಇಮ್ಮಡಿಯಾದಾಗ ಫ್ಯಾನು ಬೇಡುವ ಶಕ್ತಿ ಎಂಟು ಮಡಿ. ಸದ್ದಂತೂ ಕೇಳುವುದೇ ಬೇಡ.

ಆದುದರಿಂದ ನಾನು ಫ್ಯಾನಿನ ಎಣಿಕೆಯನ್ನು ಬಿಟ್ಟು ರೇಡಿಯೇಟರಿನ ಸ್ಥಳವನ್ನು ನೋಡಿದೆ. ಅದು ಪೆಟ್ಟಿಗೆಯ ನೆತ್ತಿಯಲ್ಲಿದ್ದು, ಒಳಗಿನ ಗಾಳಿಯನ್ನು ಮೇಲಕ್ಕೆ ಊದುತ್ತಿದ್ದಿತು. ಆ ಗಾಳಿಯಾದರೋ ಗ್ರಾಫಿಕ್ಸ್ ಕಾರ್ಡಿನ ಶಾಖವನ್ನು ಆಗಲೇ ಉಂಡದ್ದು. ಕೋಣೆಯಲ್ಲಿ 40 ಡಿಗ್ರಿ ಇದ್ದು, ಒಳಗೆ ಅದು 48 ಆದರೆ, ರೇಡಿಯೇಟರಿನ ನೀರು 48ಕ್ಕಿಂತ ಕೆಳಗೆ ಇಳಿಯಲಾರದು. ಎಂಟು ಫ್ಯಾನು ಕಟ್ಟಿದರೂ ಈ ಮಿತಿಯನ್ನು ದಾಟಲಾಗದು. ಮಾಲೀಕರಿಗೆ ಹೀಗೆಂದು ಹೇಳಿ ಒಪ್ಪಿಸಿ, ಧೂಳಿನ ಕಂಬಳಿಯನ್ನು ಕಿತ್ತು, ರೇಡಿಯೇಟರನ್ನು ಮುಂಭಾಗಕ್ಕೆ ತಂದೆವು. ಅದರ ಫ್ಯಾನುಗಳು ಒಳಮಗ್ಗುಲಿನಿಂದ ಸೇದುವಂತೆ ಕಟ್ಟಿದೆವು. ಮುಂದೆ ಇದ್ದ ಹಳೆಯ ಎರಡು ಫ್ಯಾನುಗಳು ನೆತ್ತಿಗೆ ಹೋಗಿ, ಬಿಸಿಗಾಳಿಯನ್ನು ಹೊರಹಾಕತೊಡಗಿದುವು. ಗ್ರಾಫಿಕ್ಸ್ ಕಾರ್ಡು ಮೂರು ಡಿಗ್ರಿ ಹೆಚ್ಚು ಬಿಸಿಯಾಯಿತು, ನಿಜ. ಅದಕ್ಕೆ ತಾಳುವ ಶಕ್ತಿಯಿತ್ತು. ಚಿಪ್ಪು ಒಂಬತ್ತು ಡಿಗ್ರಿ ಇಳಿಯಿತು. ಕೊಂಡ ಫ್ಯಾನು ಒಂದೂ ಇಲ್ಲ.

ಇದನ್ನು ಓದಿ ಕೈಹಚ್ಚುವ ಗೆಳೆಯರಿಗೆ ಎರಡು ಮಾತು. ಒಳಗೆ ಉಳಿದ ಗಾಳಿಯ ಗುಳ್ಳೆಗಳು ಅತಿ ಎತ್ತರದ ಜಾಗಕ್ಕೆ ಏರಿ ನಿಲ್ಲುತ್ತವೆ. ಆ ಜಾಗ ಪಂಪಾಗಿರಬಾರದು. ರೇಡಿಯೇಟರಿನ ತಲೆ ಪಂಪಿಗಿಂತ ಮೇಲಿರತಕ್ಕದ್ದು. ಫ್ಯಾನಿನ ಚೌಕಟ್ಟಿನಲ್ಲಿ ಅಡ್ಡಪಟ್ಟಿಗಳಿರುವ ಮುಖವೇ ಸಾಮಾನ್ಯವಾಗಿ ಗಾಳಿ ಹೊರಬರುವ ಮುಖ. ಸಂಶಯವಿದ್ದರೆ ಒಂದು ತುಂಡು ಕಾಗದವನ್ನು ಹಿಡಿದು ನೋಡಿರಿ. ಮಾತು ಮೂರಾಯಿತೆಂದು ನಕ್ಕರೂ ಸರಿ, ತಿರುಪುಮೊಳೆಯ ವಿಷಯವನ್ನು ಬಿಡಲಾರೆ: ಅಳತೆ ಮೀರಿ ಉದ್ದವಾದ ಮೊಳೆ ರೇಡಿಯೇಟರಿನ ನೀರಿನ ನಾಳವನ್ನು ಚುಚ್ಚಿಬಿಡುತ್ತದೆ. ಬಿಗಿಯುವ ಮೊದಲು ಫ್ಯಾನಿನ ದಪ್ಪಕ್ಕೆ ಹಿಡಿದು ಅಳೆಯಿರಿ.