ಎಫ್‌ಐಆರ್ ರದ್ದಾದರೆ ಮುಂಗಡದ ಗತಿ

ಒಂದೇ ಬಡಾವಣೆಯ ನಿವೇಶನಗಳಿಗೆ ಮುಂಗಡ ಕೊಟ್ಟ ಹಲವರು ಬೇರೆ ಬೇರೆ ಠಾಣೆಗಳಲ್ಲಿ ವಂಚನೆಯ ದೂರು ದಾಖಲಿಸಿದಾಗ, ಮಾರಾಟಗಾರನು ಸಾಮಾನ್ಯವಾಗಿ ಹೈಕೋರ್ಟಿನ ಮೊರೆಹೊಕ್ಕು ಆ ಎಫ್‌ಐಆರ್‌ಗಳನ್ನೆಲ್ಲ, ಅಂದರೆ ಪೊಲೀಸರು ಬರೆದುಕೊಂಡ ಪ್ರಥಮ ವರ್ತಮಾನ ವರದಿಗಳನ್ನು, ರದ್ದುಪಡಿಸಬೇಕೆಂದು ಕೋರುತ್ತಾನೆ. ದಂಡ ಪ್ರಕ್ರಿಯಾ ಸಂಹಿತೆಯ 482ನೆಯ ಕಲಮು ಮಾನ್ಯ ಮಾಡಿದ್ದ ಈ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೆಯ ಕಲಮಿನಲ್ಲಿದೆ.

ಇದು ಬರಿಯ ಕರಾರುಭಂಗ, ಸಿವಿಲ್ ವ್ಯಾಜ್ಯಕ್ಕೆ ಅಪರಾಧದ ಬಣ್ಣ ಬಳಿಯಲಾಗಿದೆ ಎಂಬುದೇ ಅರ್ಜಿಯ ತಿರುಳು. ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಹೇಳಿರುವಂತೆ, ಮಾತು ಕೊಟ್ಟಾಗಲೇ ಮೋಸದ ಉದ್ದೇಶವಿದ್ದರೆ ಮಾತ್ರ ಅದು ವಂಚನೆ. ನಂತರ ಮಾತು ತಪ್ಪಿದ್ದಷ್ಟೇ ಸಾಲದು. ಆದ್ದರಿಂದ ಹಣ ಕೈಬದಲಾಯಿಸಿದ ದಿನ ಭೂಪರಿವರ್ತನೆ ಆಗಿತ್ತೆ, ಜಮೀನು ಬ್ಯಾಂಕಿಗೆ ಅಡಮಾನವಾಗಿತ್ತೆ, ಅದೇ ನಿವೇಶನಕ್ಕೆ ಇನ್ನೊಬ್ಬರೊಡನೆ ಕರಾರು ಆಗಿತ್ತೆ ಎಂಬ ಪ್ರಶ್ನೆಗಳೇ ನಿರ್ಣಾಯಕ. ಇಂಥ ಕಡತಗಳನ್ನು ನೋಡುತ್ತ ಬಂದ ಈ ಅಂಕಣಕಾರನ ಅನುಭವದಲ್ಲಿ, ವಿಳಂಬದ ಬಗ್ಗೆ ನಡೆದ ವಾಟ್ಸ್ಆ್ಯಪ್ ಜಗಳಗಳನ್ನು ಜೋಪಾನ ಮಾಡಿದವರು ಅನೇಕರಾದರೆ, ಹಣ ಕೊಟ್ಟ ದಿನದ ಋಣಭಾರ ಪತ್ರವನ್ನು ತೆಗೆದಿಟ್ಟವರು ವಿರಳ.

ಒಂದೇ ಘಟನೆಗೆ ಎರಡನೆಯ ಎಫ್‌ಐಆರ್ ಸಲ್ಲದೆಂಬ ಟಿ.ಟಿ. ಆಂಟನಿ ತೀರ್ಪು (2001) ಮಾರಾಟಗಾರನ ಮತ್ತೊಂದು ಆಸರೆ. ಆದರೆ ಪ್ರತಿಯೊಬ್ಬ ಗ್ರಾಹಕನ ಹಣ, ದಿನಾಂಕ, ಕರಾರು ಬೇರೆಯಾಗಿರುವಾಗ ಪ್ರತಿಯೊಂದೂ ಪ್ರತ್ಯೇಕ ವ್ಯವಹಾರವೆಂಬ ವಾದವೂ ಅಷ್ಟೇ ಗಟ್ಟಿಯಾದದ್ದು.

ಕ್ರಿಮಿನಲ್ ಪ್ರಕರಣ ರದ್ದಾದ ಮಾತ್ರಕ್ಕೆ ಸಾಲ ತೀರುವುದಿಲ್ಲ. ನೋಂದಾಯಿತ ಯೋಜನೆಯಾಗಿದ್ದು ಸ್ವಾಧೀನ ಕೊಡದಿದ್ದರೆ, ಸ್ಥಿರಾಸ್ತಿ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ 18ನೆಯ ಕಲಮಿನಂತೆ ಬಡ್ಡಿಸಹಿತ ಮರುಪಾವತಿ ಕೇಳುವ ಹಕ್ಕು ಉಳಿಯುತ್ತದೆ. ಆದರೆ ಹಣ ವಸೂಲಿಯ ಸಿವಿಲ್ ದಾವೆಗೆ ಸಾಮಾನ್ಯವಾಗಿ ಇರುವ 3 ವರ್ಷಗಳ ಕಾಲಮಿತಿಯು, ಪೊಲೀಸ್ ತನಿಖೆ ನಡೆದಿದೆ ಎಂಬ ಕಾರಣಕ್ಕೆ ನಿಲ್ಲುವುದಿಲ್ಲ.

ರಾಜಿಯ ದಾರಿಯೂ ಇದೆ. ಖಾಸಗಿ ಸ್ವರೂಪದ ಹಣಕಾಸು ವ್ಯಾಜ್ಯದಲ್ಲಿ ಒಪ್ಪಂದದ ಆಧಾರದ ಮೇಲೆ ಪ್ರಕರಣ ರದ್ದುಪಡಿಸಬಹುದೆಂದು ಗ್ಯಾನ್ ಸಿಂಗ್ ತೀರ್ಪು (2012) ಹೇಳಿದ ಮೇಲೆ, ದೂರು ಕೊಟ್ಟವರಿಗೆ ಮೊದಲು ಹಣ ಮರಳಿ, ಸುಮ್ಮನಿದ್ದವರು ಸಾಲಿನ ಕೊನೆಗೆ ಉಳಿಯುವ ಸಂಭವವೂ (ನ್ಯಾಯವೆನ್ನಲಾಗದಿದ್ದರೂ) ಹುಟ್ಟಿದೆ. ಅಂಥ ರಾಜಿಯಲ್ಲಿ ಮುಂದಿನ ದಿನಾಂಕದ ಚೆಕ್ಕುಗಳನ್ನು ನಂಬಿ ಸಮ್ಮತಿಯ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು, ಚೆಕ್ಕು ಅಮಾನ್ಯವಾದರೆ ವಂಚನೆಯ ದೂರನ್ನು ಕಳೆದುಕೊಂಡು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ಹೊಸ ಮೊಕದ್ದಮೆ ಹೂಡಬೇಕಾಗುತ್ತದೆ. ಡಿಮಾಂಡ್ ಡ್ರಾಫ್ಟ್ ಕೈಸೇರಿದ ಮೇಲೆ ಹಾಕುವ ಸಹಿಗೆ ಆ ತೊಡಕಿಲ್ಲ.