ಮಗುವಿನ ಲಿಂಗ: ನಿರ್ಧಾರ ಯಾರದು, ಹೊಣೆ ಯಾರದು?

ಹೆರಿಗೆಯ ಕೋಣೆಯಿಂದ ದಾದಿ ಹೊರಬಂದೊಡನೆ ಬಂಧುಗಳು ಕೇಳುವ ಮೊದಲ ಪ್ರಶ್ನೆ “ಗಂಡೋ, ಹೆಣ್ಣೋ?” ಎಂಬುದು. ಬಾಣಂತಿಯ ಕ್ಷೇಮವನ್ನು ಸಹ ಅನೇಕರು ಆಮೇಲೆಯೇ ವಿಚಾರಿಸುವರು. ಊರಿಗೆ ಸುದ್ದಿ ಮುಟ್ಟಿಸುವುದು, ಜನನದ ನೋಂದಣಿ, ತೊಟ್ಟಿಲ ಶಾಸ್ತ್ರ, ನಾಮಕರಣ ಎಲ್ಲವೂ ಆ ಒಂದು ಉತ್ತರವನ್ನೇ ಅವಲಂಬಿಸಿವೆ. ಆದರೆ ಅಪರೂಪಕ್ಕೊಮ್ಮೆ, ನೋಡಿದ ಮಾತ್ರಕ್ಕೆ ವೈದ್ಯರೇ ಉತ್ತರ ಹೇಳಲಾರದಂಥ ಶಿಶು ಜನಿಸುತ್ತದೆ. ಇನ್ನು ಕೆಲವು ಮಕ್ಕಳು ಹದಿಹರೆಯಕ್ಕೆ ಬಂದಾಗ, ಹುಟ್ಟಿನಲ್ಲಿ ಹಿರಿಯರು ಕೊಟ್ಟ ಉತ್ತರ ತಮಗೆ ಸಲ್ಲದೆಂದು ಹೇಳುತ್ತಾರೆ. ಇಂಥ ಸಂದರ್ಭಗಳಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವವರು ಯಾರು? ಶಸ್ತ್ರಚಿಕಿತ್ಸೆಯಿಂದ ದೇಹವನ್ನು ಮಾರ್ಪಡಿಸಲು ಒಪ್ಪಿಗೆ ಕೊಡುವ ಹಕ್ಕು ಯಾರದು?

ಈ ಪ್ರಶ್ನೆ ಎಲ್ಲೋ ದೂರದ್ದೆಂದು ತೋರಬಹುದು. ಆದರೆ ಅದು ಎದುರಾದ ಕುಟುಂಬಕ್ಕೆ ಯೋಚಿಸಲು ವ್ಯವಧಾನವಿರುವುದಿಲ್ಲ. ಹುಟ್ಟೂರಿನಿಂದ ದೂರ, ಪರಭಾಷೆಯ ಮಹಾನಗರದಲ್ಲಿ, ಮನೆಯಲ್ಲಿ ಹಿರಿಯರ ಆಸರೆಯಿಲ್ಲದ ಎಳೆಯ ದಂಪತಿಗಳ ಮುಂದೆ ಆಸ್ಪತ್ರೆಯ ಒಪ್ಪಿಗೆ ಪತ್ರ ಬಂದಾಗ, ಓದಿ ಅರ್ಥಮಾಡಿಕೊಳ್ಳುವ ಮೊದಲೇ ರುಜು ಬೀಳುವುದುಂಟು. ಆದುದರಿಂದ ವಿಷಯವನ್ನು ಮುಂಚಿತವಾಗಿ ತಿಳಿದಿರುವುದು ಒಳಿತು.

ಪ್ರಕೃತಿಯ ಕ್ರಮ

ಗರ್ಭದ ಮೊದಲ ಆರು ವಾರಗಳವರೆಗೆ ಗಂಡು ಹಾಗೂ ಹೆಣ್ಣು ಭ್ರೂಣಗಳ ಜನನಗ್ರಂಥಿಗಳು ಒಂದೇ ರೂಪದಲ್ಲಿರುತ್ತವೆ. ಸಾಮಾನ್ಯವಾಗಿ ಹೆಣ್ಣಿನಲ್ಲಿ ಎರಡು ಎಕ್ಸ್ ವರ್ಣತಂತುಗಳೂ, ಗಂಡಿನಲ್ಲಿ ಒಂದು ಎಕ್ಸ್ ಹಾಗೂ ಒಂದು ವೈ ವರ್ಣತಂತುವೂ ಇರುತ್ತವೆ. ವೈ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ ಆ ಗ್ರಂಥಿಗಳನ್ನು ವೃಷಣಗಳಾಗುವಂತೆ ಪ್ರಚೋದಿಸುತ್ತದೆ. ಈ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ. ಅನಂತರ ವೃಷಣಗಳು ಸ್ರವಿಸುವ ಹಾರ್ಮೋನುಗಳು ಹೊರ ಅವಯವಗಳಿಗೆ ಗಂಡಿನ ಆಕಾರ ಕೊಡುತ್ತವೆ. ಹೀಗೆ ವರ್ಣತಂತು, ಗ್ರಂಥಿ, ಹಾರ್ಮೋನು, ಅವಯವ ಎಂಬ ನಾಲ್ಕು ಮೆಟ್ಟಿಲುಗಳಿವೆ. ಬಹುಮಟ್ಟಿಗೆ ನಾಲ್ಕೂ ಒಂದೇ ದಿಕ್ಕಿಗೆ ಸಾಗುತ್ತವೆ. ಎಲ್ಲೋ ಒಂದು ಮೆಟ್ಟಿಲು ತಪ್ಪಿದಾಗ ಹುಟ್ಟುವವರನ್ನು ಅಂತರಲಿಂಗಿ ಮಕ್ಕಳೆನ್ನುತ್ತಾರೆ.

ಉದಾಹರಣೆಗೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಎಂಬ ನಿರ್ನಾಳ ಗ್ರಂಥಿಯಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿದ್ದರೆ, ಹೆಣ್ಣು ವರ್ಣತಂತುಗಳುಳ್ಳ ಶಿಶುವಿನ ಹೊರ ಅವಯವಗಳು ಗಂಡಿನವುಗಳಂತೆ ಬೆಳೆಯಬಹುದು. ಈ ಕೊರತೆ ಸುಮಾರು 15,000 ಜನನಗಳಿಗೆ ಒಂದರಂತೆ ಕಂಡುಬರುತ್ತದೆ. ಇದರಲ್ಲಿ ಇನ್ನೊಂದು ಅಪಾಯವೂ ಉಂಟು. ಅನೇಕ ಶಿಶುಗಳ ದೇಹದಿಂದ ಉಪ್ಪಿನ ಅಂಶ ಸೋರಿಹೋಗಿ, ಹುಟ್ಟಿದ ಎರಡು ಮೂರು ವಾರಗಳೊಳಗೆ ವಾಂತಿ, ನಿರ್ಜಲತೆಗಳಿಂದ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅದಕ್ಕೆ ಔಷಧೋಪಚಾರ ಕೂಡಲೇ ಆಗಬೇಕು. ಆದರೆ ಅವಯವದ ಆಕಾರವನ್ನು ಕೂಡಲೇ ತಿದ್ದಬೇಕಾದ ಅವಸರ ಸಾಮಾನ್ಯವಾಗಿ ಇರುವುದಿಲ್ಲ. ಪ್ರಾಣ ಉಳಿಸುವ ಚಿಕಿತ್ಸೆ ಬೇರೆ, ನೋಟಕ್ಕೆ ಒಪ್ಪವಾಗಿಸುವ ಚಿಕಿತ್ಸೆ ಬೇರೆ. ಈ ಒಂದು ಭೇದವನ್ನು ಮನಗಂಡರೆ ಇಡೀ ಸಮಸ್ಯೆಯ ಅರ್ಧ ಭಾಗ ತಿಳಿಯಾಗುತ್ತದೆ.

ಮತ್ತೊಂದು ಸ್ಥಿತಿಯಲ್ಲಿ, ಗಂಡು ವರ್ಣತಂತುಗಳಿದ್ದರೂ ಶಿಶು ಹೆಣ್ಣಿನಂತೆಯೇ ಹುಟ್ಟಿ, ಹರೆಯ ಬಂದಾಗ ಗಂಡಿನ ಲಕ್ಷಣಗಳನ್ನು ತಳೆಯುವುದುಂಟು. ಅಂಥ ಮಗುವಿಗೆ ಶೈಶವದಲ್ಲೇ ಹೆಣ್ಣಿನ ಶಸ್ತ್ರಚಿಕಿತ್ಸೆ ಮಾಡಿ ಮುಗಿಸಿದ್ದರೆ ಆಗುವ ಅನಾಹುತವನ್ನು ಊಹಿಸಬಹುದು.

ವಿನ್ನಿಪೆಗ್ಗಿನ ಅವಳಿ ಮಕ್ಕಳು

ಈ ಕ್ಷೇತ್ರದಲ್ಲಿ ಜಗತ್ತಿನ ಕಣ್ತೆರೆಯಿಸಿದ ಪ್ರಕರಣ ನಡೆದುದು ಕೆನಡಾ ದೇಶದ ವಿನ್ನಿಪೆಗ್ ನಗರದಲ್ಲಿ. 1965ರ ಆಗಸ್ಟ್ 22ರಂದು ಅಲ್ಲಿಯ ರೈಮರ್ ದಂಪತಿಗಳಿಗೆ ಬ್ರೂಸ್, ಬ್ರಯನ್ ಎಂಬ ಅವಳಿ ಗಂಡುಮಕ್ಕಳು ಜನಿಸಿದರು. ಇಬ್ಬರೂ ಅಂತರಲಿಂಗಿಗಳಲ್ಲ; ಆರೋಗ್ಯವಂತ ಶಿಶುಗಳು. ಮೂತ್ರ ವಿಸರ್ಜನೆಯ ತೊಂದರೆಗಾಗಿ 1966ರಲ್ಲಿ ಸುನ್ನತಿ ಮಾಡುವಾಗ, ವಿದ್ಯುತ್ ಉಪಕರಣದಿಂದ ಬ್ರೂಸನ ಶಿಶ್ನ ಸುಟ್ಟುಹೋಯಿತು.

ದಿಕ್ಕುಗಾಣದ ತಂದೆತಾಯಿಗಳು ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಮೊರೆಹೊಕ್ಕರು. ಗಂಡೆಂಬ ಅಥವಾ ಹೆಣ್ಣೆಂಬ ಭಾವನೆ ಮೊದಲ ಕೆಲವು ವರ್ಷಗಳಲ್ಲಿ ಬಹುಮಟ್ಟಿಗೆ ಸಾಕಣೆಯಿಂದ ರೂಪುಗೊಳ್ಳುತ್ತದೆಂಬುದು ಮನಿ ಅವರ ಸಿದ್ಧಾಂತವಾಗಿತ್ತು. ಅವರ ಸಲಹೆಯಂತೆ 1967ರ ಜುಲೈನಲ್ಲಿ, ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, ವೃಷಣಗಳನ್ನು ತೆಗೆದುಹಾಕಿ, ಬ್ರೆಂಡಾ ಎಂದು ಹೆಸರಿಟ್ಟು ಹೆಣ್ಣಾಗಿ ಸಾಕತೊಡಗಿದರು. ನಡೆದ ಸಂಗತಿಯನ್ನು ಮಗುವಿಗೆ ತಿಳಿಸಕೂಡದೆಂಬುದೂ ಆ ಸಲಹೆಯ ಅಂಗವಾಗಿತ್ತು. 1972ರಲ್ಲಿ ಮನಿ ಅವರು ಹೆಸರು ಮರೆಮಾಚಿ ಈ ಪ್ರಯೋಗವನ್ನು ಯಶಸ್ಸೆಂದು ಪ್ರಕಟಿಸಿದರು. ಅದನ್ನು ನಂಬಿ ಅನೇಕ ವೈದ್ಯರು ಅಂತರಲಿಂಗಿ ಶಿಶುಗಳಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿಯನ್ನು ಸಮರ್ಥಿಸಿಕೊಂಡರು.

ವಾಸ್ತವವಾಗಿ ಮಗು ಲಂಗವನ್ನು ಕಿತ್ತೆಸೆಯುತ್ತಿತ್ತು. ತಮ್ಮನ ಆಟಿಕೆಗಳನ್ನೇ ಬಯಸುತ್ತಿತ್ತು. ಶಾಲೆಯಲ್ಲಿ ಅಪಹಾಸ್ಯಕ್ಕೆ ಗುರಿಯಾಗಿ ಒಂಟಿಯಾಗಿತ್ತು. 1980ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ತಂದೆ ನಿಜವನ್ನು ತಿಳಿಸಿದಾಗ, ಆ ಬಾಲಕ ಡೇವಿಡ್ ಎಂಬ ಹೆಸರನ್ನಿಟ್ಟುಕೊಂಡು ಗಂಡಾಗಿ ಬಾಳಲು ನಿರ್ಧರಿಸಿದ. ಮುಂದೆ ಆತ ಮದುವೆಯಾಗಿ, ಪತ್ನಿಯ ಮೂವರು ಮಕ್ಕಳಿಗೆ ತಂದೆಯಾದ. 1997ರಲ್ಲಿ ಮಿಲ್ಟನ್ ಡೈಮಂಡ್ ಹಾಗೂ ಕೀತ್ ಸಿಗ್‌ಮಂಡ್‌ಸನ್ ಎಂಬ ತಜ್ಞರು ಈ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ನೆಮ್ಮದಿ ಬಹುಕಾಲ ನಿಲ್ಲಲಿಲ್ಲ. 2002ರಲ್ಲಿ ಅವಳಿ ಸೋದರ ತೀರಿಕೊಂಡ. ಸಂಸಾರದಲ್ಲಿ ಬಿರುಕು ಮೂಡಿತು. ಹಣದ ಸಂಕಟವೂ ಬಂದೊದಗಿತು. 2004ರ ಮೇ 4ರಂದು, ಮೂವತ್ತೆಂಟರ ವಯಸ್ಸಿನಲ್ಲಿ, ಡೇವಿಡ್ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡ. ಎಲ್ಲವನ್ನೂ ಬಾಲ್ಯದ ಚಿಕಿತ್ಸೆಯ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಆ ಗಾಯ ಮಾಯಲಿಲ್ಲವೆಂಬುದು ನಿಜ.

ಇದರಿಂದ ತಿಳಿಯುವುದೇನು?

ಸಾಕಣೆಗೆ ಬೆಲೆಯೇ ಇಲ್ಲ, ಎಲ್ಲವೂ ಹುಟ್ಟಿನಲ್ಲೇ ಬರೆದಿಟ್ಟಿದೆ ಎಂದು ಇದರಿಂದ ತೀರ್ಮಾನಿಸಬಾರದು. ಕೆನಡಾದಲ್ಲೇ ಇದೇ ಬಗೆಯ ಅಪಘಾತಕ್ಕೊಳಗಾಗಿ, ಏಳನೆಯ ತಿಂಗಳಲ್ಲಿ ಹೆಣ್ಣಾಗಿ ಮಾರ್ಪಟ್ಟ ಇನ್ನೊಂದು ಶಿಶು ಪ್ರಾಯಕ್ಕೆ ಬಂದ ಮೇಲೂ ಹೆಣ್ಣಾಗಿಯೇ ಬಾಳುತ್ತಿದ್ದುದನ್ನು 1998ರ ಒಂದು ವರದಿ ತಿಳಿಸಿದೆ. ಒಂದೇ ಬಗೆಯ ಆರಂಭ. ಎರಡು ಬಗೆಯ ಫಲ. ಎಂದರೆ, ತೊಟ್ಟಿಲ ಕೂಸು ಮುಂದೆ ತನ್ನನ್ನು ಏನೆಂದು ಭಾವಿಸುವುದೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ತಿಳಿಯದ ಸಂಗತಿಯ ಮೇಲೆ, ಹಿಂದಕ್ಕೆ ತರಲಾಗದ ಕ್ರಮವನ್ನು, ಇನ್ನೂ ಮಾತು ಬಾರದವನ ಮೈಮೇಲೆ ಕೈಗೊಳ್ಳುವುದು ನ್ಯಾಯವೇ ಎಂಬುದೇ ಇಲ್ಲಿಯ ನೈತಿಕ ಪ್ರಶ್ನೆ.

ಅಪ್ರಾಪ್ತರ ಸೊತ್ತು, ಅಪ್ರಾಪ್ತರ ದೇಹ

ಈ ಪ್ರಶ್ನೆಯನ್ನು ಲೋಕವ್ಯವಹಾರದ ಒಂದು ದೃಷ್ಟಾಂತದಿಂದ ನೋಡಬಹುದು. ಅಜ್ಜನು ಮೊಮ್ಮಗನ ಹೆಸರಿಗೆ ಒಂದು ನಿವೇಶನವನ್ನು ಬರೆದಿಟ್ಟನೆನ್ನೋಣ. ಮಗು ಅಪ್ರಾಪ್ತವಯಸ್ಕನಾಗಿರುವಾಗ ತಂದೆ ಅದರ ರಕ್ಷಕ ಮಾತ್ರ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ರಕ್ಷಕತ್ವ ಕಾಯಿದೆಯ 8ನೆಯ ಪ್ರಕರಣದಂತೆ, ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಸಹಜ ರಕ್ಷಕನು ಆ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಕೊಡುವಂತಿಲ್ಲ. ಮಾರಿದರೂ, ಮಗು ದೊಡ್ಡವನಾದ ಮೇಲೆ ಆ ಕ್ರಯವನ್ನು ರದ್ದುಗೊಳಿಸಲು ಕೇಳಬಹುದು. ಮೂವತ್ತು–ನಲವತ್ತು ಅಡಿಯ ನಿವೇಶನಕ್ಕೆ ಇಷ್ಟು ಕಾವಲಿದೆ. ಆದರೆ ಅದೇ ಮಗುವಿನ ದೇಹದಿಂದ ಒಂದು ಅವಯವವನ್ನು ತೆಗೆಯಲು ತಂದೆಯ ಒಂದು ರುಜು ಸಾಕೆಂಬುದು ಬಹುಕಾಲ ನಡೆದುಬಂದ ರೂಢಿ. ನಿವೇಶನದ ಕ್ರಯವನ್ನು ರದ್ದುಪಡಿಸಬಹುದು. ದೇಹದ ಮೇಲಿನ ಕತ್ತರಿಯನ್ನು ರದ್ದುಪಡಿಸುವ ನ್ಯಾಯಾಲಯವಿಲ್ಲ.

ತಂದೆತಾಯಿಗಳ ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಶಾಲೆಯಲ್ಲಿ ಮಗು ನಗೆಗೀಡಾಗಬಾರದು, ನಾಳೆ ಮದುವೆಗೆ ಅಡ್ಡಿ ಬರಬಾರದು, ನೆರೆಹೊರೆಯವರ ಬಾಯಿಗೆ ಬೀಳಬಾರದು ಎಂಬ ಕಳಕಳಿ ಸಹಜವಾದುದೇ. ಆದರೆ ಈ ಭಯಗಳಲ್ಲಿ ಮಗುವಿನವೆಷ್ಟು, ಹಿರಿಯರವೆಷ್ಟು ಎಂದು ಬೇರ್ಪಡಿಸಿ ನೋಡಬೇಕಾದುದು ರಕ್ಷಕನ ಧರ್ಮ.

ನ್ಯಾಯಾಲಯಗಳ ನಿಲುವು

ವೈದ್ಯರಂಗದ ಧೋರಣೆಯೂ ಬದಲಾಗಿದೆ. 2005ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ತಜ್ಞರು, ಇಂಥ ಮಕ್ಕಳ ಚಿಕಿತ್ಸೆಯನ್ನು ಒಬ್ಬ ವೈದ್ಯರಿಗೆ ಬಿಡದೆ ಹಲವು ಶಾಖೆಗಳ ತಜ್ಞರ ತಂಡ ಕೈಗೊಳ್ಳಬೇಕೆಂದೂ, ಶಸ್ತ್ರಚಿಕಿತ್ಸೆಯಲ್ಲಿ ಎಚ್ಚರ ವಹಿಸಬೇಕೆಂದೂ ಸಲಹೆಯಿತ್ತರು. 2015ರಲ್ಲಿ ಮಾಲ್ಟಾ ದೇಶವು ಮುಂದೂಡಬಹುದಾದ ಇಂಥ ಶಸ್ತ್ರಚಿಕಿತ್ಸೆಗಳನ್ನು ಕಾನೂನಿನಿಂದಲೇ ನಿಷೇಧಿಸಿತು.

ನಮ್ಮ ದೇಶದಲ್ಲಿ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯು ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ಆತನ ಘನತೆಗೆ ಸೇರಿದುದೆಂದು ತೀರ್ಪಿತ್ತಿತು. 2019ರ ಏಪ್ರಿಲಿನಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮಧುರೈ ಪೀಠವು, ಪ್ರಾಣಾಪಾಯದ ಸಂದರ್ಭವನ್ನುಳಿದು, ಅಂತರಲಿಂಗಿ ಶಿಶುಗಳ ಮೇಲೆ ಲಿಂಗ ಮಾರ್ಪಾಡಿನ ಶಸ್ತ್ರಚಿಕಿತ್ಸೆ ನಡೆಸದಂತೆ ನಿರ್ದೇಶಿಸಿತು. ತಂದೆತಾಯಿಗಳ ಒಪ್ಪಿಗೆ ಮಗುವಿನ ಒಪ್ಪಿಗೆಯಲ್ಲವೆಂದಿತು. ಅದೇ ವರ್ಷದ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ ಆ ಪ್ರಕಾರ ಆಜ್ಞೆ ಹೊರಡಿಸಿತು. 2023ರ ಆಗಸ್ಟಿನಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಮುಂದೆ ಏಳು ವರ್ಷದ ಮಗುವಿನ ತಂದೆತಾಯಿಗಳು ಇಂಥ ಅನುಮತಿಯನ್ನು ಬೇಡಿದರು. ಮಗು ಮುಂದೆ ಬೇರೆ ಬಗೆಯಾಗಿ ಭಾವಿಸಬಹುದೆಂಬ ಕಾರಣದಿಂದ ನ್ಯಾಯಾಲಯ ಅನುಮತಿ ನಿರಾಕರಿಸಿ, ತಜ್ಞರ ಸಮಿತಿಯೊಂದು ಪರೀಕ್ಷಿಸಿ, ಜೀವಕ್ಕೆ ಅಪಾಯವಿದ್ದಲ್ಲಿ ಮಾತ್ರ ಶಸ್ತ್ರಚಿಕಿತ್ಸೆಗೆ ಅವಕಾಶ ಕೊಡಬೇಕೆಂದು ಆದೇಶಿಸಿತು.

ಹದಿಹರೆಯದವರ ಪ್ರಶ್ನೆ

ಶಿಶುವಿಗೆ ಮಾತು ಬಾರದು. ಹದಿಹರೆಯದವರಿಗೆ ಮಾತು ಬರುತ್ತದೆ. ಆದುದರಿಂದ ಇಲ್ಲಿ ಪ್ರಶ್ನೆ ಬೇರೆಯಾಗುತ್ತದೆ. ಹರೆಯದ ದೈಹಿಕ ಬದಲಾವಣೆಗಳನ್ನು ಔಷಧಿಯಿಂದ ತಡೆಹಿಡಿದು ಯೋಚಿಸಲು ಕಾಲಾವಕಾಶ ಕೊಡುವ ಕ್ರಮವನ್ನು 1990ರ ದಶಕದಲ್ಲಿ ನೆದರ್ಲೆಂಡ್ಸಿನ ವೈದ್ಯರು ಆರಂಭಿಸಿದರು. ಅದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇಂಥ ಆರೈಕೆಯನ್ನು 2018ರಲ್ಲಿ ಬೆಂಬಲಿಸಿ, 2023ರಲ್ಲಿ ಪುನಃ ದೃಢಪಡಿಸಿತು. ಇಂಗ್ಲೆಂಡಿನಲ್ಲಿ ವೈದ್ಯೆ ಹಿಲರಿ ಕ್ಯಾಸ್ ಅವರ ನೇತೃತ್ವದ ಸಮೀಕ್ಷೆಯು 2024ರ ಏಪ್ರಿಲಿನಲ್ಲಿ, ಇದರ ಪ್ರಯೋಜನಕ್ಕೆ ಇರುವ ಸಾಕ್ಷ್ಯ ದುರ್ಬಲವೆಂದು ಹೇಳಿ, ಹೆಚ್ಚಿನ ಎಚ್ಚರವನ್ನೂ ಮಾನಸಿಕ ಆರೈಕೆಯನ್ನೂ ಶಿಫಾರಸು ಮಾಡಿತು.

ಈ ವಾದದ ತೀರ್ಮಾನ ಏನೇ ಆಗಲಿ, ಮಗುವಿನ ಮಾತನ್ನು ಕೇಳಬೇಕೆಂಬುದರಲ್ಲಿ ವಾದವಿಲ್ಲ. ಹೊರಗಿನಿಂದ ಹೇರಿದ ಲಿಂಗತ್ವ ನಿಲ್ಲದೆಂಬುದನ್ನು ರೈಮರ್ ಪ್ರಕರಣ ತೋರಿಸಿತು. ಆ ಪಾಠ ಅವಸರದಿಂದ ಬದಲಾಯಿಸುವವರಿಗೆ ಸಲ್ಲುವಂತೆಯೇ, ಬೆದರಿಸಿ ಬದಲಾಗದಂತೆ ತಡೆಯುವವರಿಗೂ ಸಲ್ಲುತ್ತದೆ. ಲಿಂಗತ್ವದ ಈ ಭಿನ್ನತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಮನೋರೋಗಗಳ ಅಧ್ಯಾಯದಿಂದ ತೆಗೆದುಹಾಕಿದೆ. ಬಲವಂತದಿಂದ ಮನಸ್ಸನ್ನು ‘ಸರಿಪಡಿಸುವ’ ಚಿಕಿತ್ಸೆಯನ್ನು ವೃತ್ತಿದೋಷವೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದೇ 2022ರಲ್ಲಿ ಸಾರಿತು.

ಕನ್ನಡಿಗರ ಕಣ್ಣೆದುರಿಗೇ ಒಂದು ನಿದರ್ಶನವಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು ಹದಿಹರೆಯದಲ್ಲೇ ತಮ್ಮೊಳಗಿನ ಹೆಣ್ತನವನ್ನು ಅರಿತವರು. ಮನೆಯಿಂದ ದೂರಾಗಿ ಭಿಕ್ಷೆ ಬೇಡಿ ಬದುಕಿದವರು. ಜೋಗತಿ ನೃತ್ಯ ಅವರ ಕೈಹಿಡಿಯಿತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಯೂ, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಅವರಿಗೆ ಸಂದವು. ನಾಡು ಕೊನೆಗೆ ಕೊಟ್ಟ ಮನ್ನಣೆಯ ಒಂದಂಶ ಮನೆಯಲ್ಲೇ ಮೊದಲು ದೊರೆತಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು!

ಪೋಷಕರು ನೆನಪಿಡಬೇಕಾದ ಅಂಶಗಳು

1. ಯಾವ ಚಿಕಿತ್ಸೆ ಪ್ರಾಣರಕ್ಷಣೆಗೆ ಅಗತ್ಯ, ಯಾವುದನ್ನು ಮುಂದೂಡಬಹುದು ಎಂದು ವೈದ್ಯರನ್ನು ಬಿಡಿಸಿ ಕೇಳಬೇಕು. ಉಪ್ಪಿನ ನಷ್ಟ, ಮೂತ್ರದ ತಡೆ, ಗಡ್ಡೆಯ ಭಯ ಇವುಗಳನ್ನು ಅಲಕ್ಷಿಸಬಾರದು.

2. ಮಕ್ಕಳ ವೈದ್ಯರು, ನಿರ್ನಾಳ ಗ್ರಂಥಿಗಳ ತಜ್ಞರು, ಶಸ್ತ್ರವೈದ್ಯರು, ಮನೋವೈದ್ಯರು ಕೂಡಿ ನೋಡುವ ದೊಡ್ಡ ಆಸ್ಪತ್ರೆಯ ಅಭಿಪ್ರಾಯ ಪಡೆಯಬೇಕು.

3. ಶಸ್ತ್ರಚಿಕಿತ್ಸೆಯಿಲ್ಲದೆಯೂ, ತಜ್ಞರ ಸಲಹೆಯಂತೆ ಮಗುವಿಗೆ ಹೆಸರಿಟ್ಟು ಗಂಡಾಗಿ ಅಥವಾ ಹೆಣ್ಣಾಗಿ ಬೆಳೆಸಬಹುದು. ಹೆಸರನ್ನು ಮುಂದೆ ಗೆಜೆಟ್ಟಿನಲ್ಲಿ ಪ್ರಕಟಿಸಿ ಬದಲಾಯಿಸಲು ಸಾಧ್ಯ.

4. ಒಪ್ಪಿಗೆ ಪತ್ರವನ್ನು ತಿಳಿದ ಭಾಷೆಯಲ್ಲಿ ಓದಿಸಿಕೊಳ್ಳದೆ ರುಜು ಹಾಕಕೂಡದು. ಪರೀಕ್ಷೆಯ ವರದಿಗಳೆಲ್ಲವನ್ನೂ ಕಾಪಾಡಿಡಬೇಕು. ಅವು ಮಗುವಿಗೆ ಸೇರಿದ ದಾಖಲೆಗಳು.

5. ವಯಸ್ಸಿಗೆ ತಕ್ಕಂತೆ, ಹಂತಹಂತವಾಗಿ, ಮಗುವಿಗೆ ನಿಜವನ್ನು ತಿಳಿಸಬೇಕು.

ಹತ್ತು ವರ್ಷ ತುಂಬಿದ ಮಗು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಅನುಮತಿಯಿತ್ತಿತು. ಅರಿವು ಒಂದೇ ದಿನ ಬರುವುದಿಲ್ಲ, ವರ್ಷವರ್ಷಕ್ಕೂ ಕೂಡುತ್ತ ಬರುತ್ತದೆಂಬುದು ಅದರ ಹಿಂದಿನ ವಿವೇಕ. ಹಣದ ವಿಷಯದಲ್ಲಿ ತೋರುವ ಈ ತಾಳ್ಮೆಯನ್ನು ಮಗುವಿನ ಮೈಯ ವಿಷಯದಲ್ಲಿಯೂ ಹಿರಿಯರು ತೋರುವುದು ಉಚಿತ. ರಕ್ಷಕನು ಒಂದಲ್ಲ ಒಂದು ದಿನ ಲೆಕ್ಕ ಒಪ್ಪಿಸಬೇಕು. ಪ್ರಾಯಕ್ಕೆ ಬಂದ ಮಗು “ನನ್ನನ್ನು ಕೇಳದೆ ಏನು ಮಾಡಿದಿರಿ?” ಎಂದು ಪ್ರಶ್ನಿಸಿದಾಗ, “ನಿನ್ನ ಜೀವ ಉಳಿಸಲು ಬೇಕಾದಷ್ಟನ್ನು ಮಾಡಿದೆವು, ಉಳಿದುದನ್ನು ನಿನಗಾಗಿ ಕಾದಿರಿಸಿದೆವು” ಎಂದು ತಂದೆತಾಯಿಗಳು ಹೇಳುವಂತಾಗಬೇಕು.